ಗಂಜಾಂನ ದೊಡ್ಡಸ್ವಾಮಿಯವರು



ಮೈಸೂರಿಗೆ ಹೋಗುವಾಗಲೋ ಬರುವಾಗಲೋ ನಮ್ಮಲ್ಲಿ ಬಹುಪಾಲು ಜನ ಶ್ರೀರಂಗಪಟ್ಟಣದಲ್ಲಿ ಇಳಿದು ನೋಡಿದ್ದೇವೆ. ಹೊಸೂರಿನಿಂದ ಬೆಂಗಳೂರಿನ ಮೇಲೆ ಹೋದರೆ ಸುಮಾರು 160 ಕಿಲೋಮೀಟರ್ ದೂರ. ಕಾವೇರಿ ಕವಲೊಡೆದು ಸುತ್ತುವರಿದಿರುವ ಚಿಕ್ಕ ಊರು ಅದು. ರಂಗನಾಥಸ್ವಾಮಿ ದೇವಸ್ಥಾನ, 1784ರ ದರಿಯಾ ದೌಲತ್, ಜಾಮಿಯಾ ಮಸೀದಿಯ ಜೋಡಿ ಮಿನಾರುಗಳು, ಹೈದರಾಲಿ ಮತ್ತು ಟಿಪ್ಪುವಿನ ಸಮಾಧಿ ಇರುವ ಗುಂಬಜ್, ಇಂಗ್ಲಿಷ್ ಸೈನಿಕರ ಹಳೆಯ ಸ್ಮಶಾನ, ಇಷ್ಟನ್ನೂ ಒಂದೇ ದಿನದಲ್ಲಿ ನೋಡಬಹುದು. ಕೊನೆಗೆ ಸಂಗಮದಲ್ಲಿ ಕಾಲು ನೆನೆಸಿಕೊಂಡು ಬಸ್ಸು ಹತ್ತುತ್ತೇವೆ. ಆದರೆ ಅದೇ ದ್ವೀಪದ ಗಂಜಾಂನಲ್ಲಿರುವ ಚರ್ಚಿಗೆ ಹೋಗಿ ಮೊಣಕಾಲೂರಿ ಬಂದವರು ನಮ್ಮಲ್ಲಿ ಕಡಿಮೆ.

ಆ ಚರ್ಚನ್ನು ಜನ ಇಂದಿಗೂ ಅಬ್ಬೆ ದುಬುವಾ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅವರಿಗೆ ದೊಡ್ಡಸ್ವಾಮಿಯವರು ಎಂಬ ಹೆಸರಿತ್ತು. ನಮ್ಮ ಯುವಕ ಯುವತಿಯರ ಮುಂದಿನ ಪ್ರವಾಸ ಅಲ್ಲಿಗೆ ಎಂದು ಯೋಚಿಸಿದ್ದೇವೆ. ಹೋಗುವ ಮೊದಲು ಅವರ ಜೀವನವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಜಾನ್ ಆಂತ್ವಾನ್ ದುಬುವಾ ಅವರು ಹುಟ್ಟಿದ್ದು 1766ರ ಜನವರಿಯಲ್ಲಿ, ಫ್ರಾನ್ಸ್ ದೇಶದ ದಕ್ಷಿಣ ಭಾಗದ ಸಾಂ ರೆಮೇಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದರು. ಫ್ರಾನ್ಸಿನಲ್ಲಿ ಆಗ ಮಹಾಕ್ರಾಂತಿ ನಡೆಯುತ್ತಿತ್ತು, ಯಾಜಕರ ಪ್ರಾಣಕ್ಕೇ ಸಂಚಕಾರ ಬಂದಿದ್ದ ಕಾಲ. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಗುರುವಾಗಿ ಹಡಗು ಹತ್ತಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು 26. ನಮ್ಮ ಬಳಗದ ಎಷ್ಟೋ ಮಂದಿಯ ವಯಸ್ಸೇ.

ಮೊದಲ ವರ್ಷಗಳನ್ನು ಅವರು ತಮಿಳು ಸೀಮೆಯಲ್ಲಿ ಕಳೆದರು. ಜನರ ನಡುವೆ ಇರಬೇಕಾದರೆ ಜನರಂತೆ ಇರಬೇಕೆಂದು ನಿಶ್ಚಯಿಸಿ ಈ ನಾಡಿನ ಉಡುಪನ್ನೇ ತೊಟ್ಟರು. ಊಟ, ನಡೆನುಡಿಗಳಲ್ಲಿಯೂ ನೆರೆಯವರ ಮನಸ್ಸಿಗೆ ಅಸಹ್ಯವಾಗುವುದನ್ನೆಲ್ಲ ಬಿಟ್ಟರು. ಇಲ್ಲಿನ ಭಾಷೆಗಳನ್ನು ಕಲಿತರು. ಮುಂದೆ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತರುವಾಗ ಅವರು ಎದುರಿಗಿಟ್ಟುಕೊಂಡದ್ದು ತಮಿಳು, ತೆಲುಗು ಮತ್ತು ಕನ್ನಡದ ಪ್ರತಿಗಳನ್ನು. ಈ ಮೂರೂ ನಮ್ಮ ಧರ್ಮಪ್ರಾಂತ್ಯದಲ್ಲಿ ದಿನವೂ ಕೇಳುವ ಭಾಷೆಗಳು. ಆ ಪುಸ್ತಕ 1826ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಮಡಿದನು. ಆ ವರ್ಷವೇ ನಮ್ಮ ಹೊಸೂರು ಸೀಮೆ ಮೈಸೂರಿನಿಂದ ಬೇರೆಯಾಗಿ ಕಂಪನಿಯ ಆಡಳಿತಕ್ಕೆ ಸೇರಿತು. ಕೃಷ್ಣಗಿರಿ ಅದಕ್ಕೆ ಏಳು ವರ್ಷ ಮೊದಲೇ, 1792ರಲ್ಲೇ, ಕೈ ಬದಲಾಗಿತ್ತು. ಹೀಗಾಗಿ ಶ್ರೀರಂಗಪಟ್ಟಣದ ಕಥೆ ನಮಗೆ ಪರವೂರಿನ ಕಥೆಯಲ್ಲ. ನಾವು ಗಡಿಯ ಈಚೆ ಕನ್ನಡ ಮಾತಾಡುವವರಾಗಿ ಉಳಿದದ್ದಕ್ಕೂ ಆ ದಿನಕ್ಕೂ ನಂಟಿದೆ.

ಆಗ ಮೈಸೂರು ಸೀಮೆಯ ಕ್ರೈಸ್ತರ ಸ್ಥಿತಿ ಬಹಳ ಕಷ್ಟದ್ದಾಗಿತ್ತು. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಗುರುಗಳ ಸಂಖ್ಯೆ ಕುಗ್ಗಿತ್ತು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ ತರಿಸಿದ್ದನು. ಎಷ್ಟೋ ಮಂದಿ ಬಲವಂತಕ್ಕೆ ಮಣಿದು ವಿಶ್ವಾಸವನ್ನು ಬಿಟ್ಟಿದ್ದರು. ಚದುರಿಹೋದ ಈ ಮಂದೆಯನ್ನು ಕೂಡಿಸಲು ಯಾರಾದರೂ ಬೇಕಿತ್ತು. ಪಟ್ಟಣದ ಆಡಳಿತ ನೋಡುತ್ತಿದ್ದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ದುಬುವಾ ಸ್ವಾಮಿಯವರನ್ನು ಅಲ್ಲಿಗೆ ಕರೆಸಲಾಯಿತು. ಈ ವೆಲ್ಲೆಸ್ಲಿಯೇ ಮುಂದೆ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಎಂದು ಹೆಸರಾದವನು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದಾಗ ಇಂಗ್ಲಿಷ್ ಅಧಿಕಾರಿಯೊಬ್ಬ ಫ್ರೆಂಚ್ ಗುರುವನ್ನು ನಂಬಿ ಕರೆಸಿದ್ದು ಸಣ್ಣ ಮಾತಲ್ಲ.

ದುಬುವಾ ಸ್ವಾಮಿಯವರು ವಿಶ್ವಾಸ ಬಿಟ್ಟಿದ್ದ ಸುಮಾರು 1,800 ಮಂದಿಯನ್ನು ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರೆಂದು ದಾಖಲೆ ಇದೆ. ಈ ಅಂಕಿಯ ಹಿಂದಿನ ಮನುಷ್ಯರನ್ನು ನೆನೆಯೋಣ. ಮನೆ ಕಳೆದುಕೊಂಡವರು, ಬಂಧುಗಳನ್ನು ಕಳೆದುಕೊಂಡವರು, ಹೆದರಿ ತಲೆಬಾಗಿದ್ದಕ್ಕೆ ಒಳಗೇ ನಾಚಿಕೊಂಡವರು. ಪೇತ್ರನೂ ಕೋಳಿ ಕೂಗುವ ಮೊದಲು ತನ್ನ ಗುರುವನ್ನು ಅರಿಯೆನೆಂದವನೇ. ಬಿದ್ದವರು ಎದ್ದು ಬರಲು ಬಾಗಿಲು ತೆರೆದಿಡುವುದು ಗುರುವಿನ ಮೊದಲ ಕೆಲಸ. ದೊಡ್ಡಸ್ವಾಮಿಯವರು ಮೈಸೂರಿನಲ್ಲಿ ಕೆಲಸ ಆರಂಭಿಸಿದ್ದೇ ಅಲ್ಲಿಂದ.

ಅನ್ನವಿಲ್ಲದವರಿಗೆ ಉಪದೇಶ ಮಾತ್ರ ಸಾಲದೆಂದು ಅವರಿಗೆ ಗೊತ್ತಿತ್ತು. ಬಡ ಕ್ರೈಸ್ತ ಕುಟುಂಬಗಳನ್ನು ಸೇರಿಸಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಹತ್ತಿರದ ಸಾತಹಳ್ಳಿ ಅಂಥದರಲ್ಲಿ ಹೆಸರಾದದ್ದು. ಉತ್ತ ಹೊಲದ ಪಕ್ಕದಲ್ಲೇ ಅಲ್ಲಿನ ಸಭೆ ಬೆಳೆಯಿತು.

ಇನ್ನು ಸಿಡುಬಿನ ಸಂಗತಿ. ವಿಜ್ಞಾನ ಓದಿದ ನಮ್ಮಂಥವರಿಗೆ ಬಹಳ ಹಿಡಿಸುವುದು ಇದೇ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿಗೆ ಬರುವ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಪ್ರಯೋಗ ಮಾಡಿ ತೋರಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲ ಬಾರಿಗೆ ಆ ಲಸಿಕೆ ಹಾಕಿದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ, ಮೂರು ವರ್ಷದ ಮಗುವಿಗೆ. ಆಗ ಐಸ್ ಪೆಟ್ಟಿಗೆ ಇಲ್ಲ, ಶೀಶೆಯಲ್ಲಿ ಲಸಿಕೆ ಕೆಡದೆ ಉಳಿಯುವುದೂ ಕಷ್ಟ. ಲಸಿಕೆ ಹಾಕಿದವರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ, ಸರಪಳಿ ಎಲ್ಲಿಯೂ ತುಂಡಾಗಬಾರದು.

ಜನ ಇದಕ್ಕೆ ಒಪ್ಪಬೇಕಾದರೆ ಹಾಕಿಸಿಕೊಳ್ಳಿ ಎಂದು ಹೇಳುವವರ ಮೇಲೆ ನಂಬಿಕೆ ಇರಬೇಕು. ದುಬುವಾ ಸ್ವಾಮಿಯವರು ಜನರ ನಡುವೆ ಬಾಳಿ ಆ ನಂಬಿಕೆಯನ್ನು ಗಳಿಸಿದ್ದರು. 1803–04ರಲ್ಲಿ ಅವರ ಮುಂದಾಳುತನದಲ್ಲಿ ಮೈಸೂರು ಸೀಮೆಯಲ್ಲಿ 25,432 ಮಂದಿಗೆ ದೇವಿ ಹಾಕಿಸಲಾಯಿತು ಎಂದು ಲೆಕ್ಕ ಬರೆದಿಟ್ಟಿದ್ದಾರೆ. ಮುಂಬಯಿಯ ಆ ಮಗುವಿನ ನಂತರ ಎರಡೇ ವರ್ಷದ ಒಳಗೆ! ನಮ್ಮ ಅಜ್ಜ ಅಜ್ಜಿಯರ ತೋಳಿನ ಮೇಲೆ ಕಾಣುವ ಗುಂಡನೆಯ ಕಲೆಯನ್ನು ಮಕ್ಕಳಿಗೆ ತೋರಿಸಿ ಈ ಕಥೆ ಹೇಳಿ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಲೋಕದಿಂದಲೇ ತೊಲಗಿತೆಂದು ಸಾರಿತು.

ಹೊರಲೋಕಕ್ಕೆ ಅವರ ಹೆಸರು ತಿಳಿದಿರುವುದು ಒಂದು ಪುಸ್ತಕದಿಂದ. ಹಿಂದೂ ಜನರ ಆಚಾರ ವಿಚಾರಗಳ ಬಗ್ಗೆ ಅವರು ಒಪ್ಪಿಸಿದ ಹಸ್ತಪ್ರತಿಯನ್ನು ಮದರಾಸಿನ ಗವರ್ನರ್ ಬೆಂಟಿಂಕ್ 1807ರಲ್ಲಿ ಕಂಪನಿಗಾಗಿ 2,000 ವರಹ ಕೊಟ್ಟು ಕೊಂಡನು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದನ್ನು ಇಂದು ಓದುವಾಗ ಎಚ್ಚರ ಬೇಕು. ನಮ್ಮ ನೆರೆಹೊರೆಯವರ ಧರ್ಮದ ಬಗ್ಗೆ ಅದರಲ್ಲಿ ಕಠಿಣವಾದ ಮಾತುಗಳಿವೆ, ಅವನ್ನು ನಾವು ಇಂದು ಆಡಲಾರೆವು, ಆಡಲೂಬಾರದು. ಅಲ್ಲದೆ ಅದರ ಬಹುಭಾಗ ಅವರಿಗಿಂತ ಮೊದಲು ಇಲ್ಲಿದ್ದ ಯೇಸುಸಭೆಯ ಕೂರ್ದು ಸ್ವಾಮಿಯವರ ಬರಹದಿಂದ ಬಂದದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಒಳ್ಳೆಯ ಗುರುವಿನ ಜೀವನ ಹೇಳುವಾಗ ಇದನ್ನು ಮುಚ್ಚಿಡುವ ಅಗತ್ಯ ಇಲ್ಲ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ಪಿಂಚಣಿ ಗೊತ್ತುಮಾಡಿತು. ಆದರೆ ಅವರು ಹೋದದ್ದು ತೃಪ್ತಿಯಿಂದಲ್ಲ. ಮೂವತ್ತು ವರ್ಷ ದುಡಿದರೂ ವಿಶ್ವಾಸಿಗಳ ಸಂಖ್ಯೆ ಬೆಳೆಯಲಿಲ್ಲ, ಈ ನಾಡಿನಲ್ಲಿ ಕ್ರೈಸ್ತಧರ್ಮಕ್ಕೆ ಮುಂದೆ ಆಸೆ ಇಲ್ಲ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಹಾಗೆಂದು ಬಹಿರಂಗವಾಗಿ ಬರೆದರು. ಬೇರೆ ಮಿಷನರಿಗಳು ಅದನ್ನು ಬಲವಾಗಿ ಖಂಡಿಸಿದರು. ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠದಲ್ಲಿ ಸೇವೆ ಮಾಡುತ್ತಾ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿ 17ರಂದು ತೀರಿಕೊಂಡರು. ಆಗ ಅವರಿಗೆ 82 ವರ್ಷ. ಕಾವೇರಿಯನ್ನು ಅವರು ಮತ್ತೆ ನೋಡಲಿಲ್ಲ.

ಅವರ ಈ ನಿರಾಶೆಯನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಯುವಸಭೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ತಮಿಳು ಪೂಜೆಗೆ ದೇವಾಲಯ ತುಂಬುತ್ತದೆ, ಕನ್ನಡ ಪೂಜೆಗೆ ಮುಂದಿನ ಕೆಲವು ಬೆಂಚುಗಳು ಮಾತ್ರ, ಹುಡುಗರು ಕೆಲಸಕ್ಕೆಂದು ಬೆಂಗಳೂರು ಸೇರುತ್ತಾರೆ, ಮಕ್ಕಳು ಶಾಲೆಯಲ್ಲಿ ಕನ್ನಡ ಓದುವುದಿಲ್ಲ, ಇಷ್ಟು ಜನಕ್ಕಾಗಿ ಗಾನವೃಂದ, ಜಪಸರ, ಧರ್ಮೋಪದೇಶ ಎಲ್ಲ ಬೇಕೇ? ಈ ಪ್ರಶ್ನೆ ಕೇಳುವವರನ್ನು ಗದರಿಸಿ ಸುಮ್ಮನಾಗಿಸಬಾರದು. ತಲೆ ಎಣಿಸಿದರೆ ಅವರು ಹೇಳುವುದು ನಿಜ.

ದುಬುವಾ ಸ್ವಾಮಿಯವರೂ ತಲೆ ಎಣಿಸಿಯೇ ಸೋತೆನೆಂದುಕೊಂಡರು. ಆದರೆ ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಉಳಿದಿದೆ. ಸಾತಹಳ್ಳಿಯಲ್ಲಿ ಕನ್ನಡದಲ್ಲೇ ಸರ್ವೇಶ್ವರನನ್ನು ಕರೆಯುವ ಮನೆಗಳಿವೆ. ಅವರು ದೇವಿ ಹಾಕಿಸಿದ ಮಕ್ಕಳು ಯಾವ ಯಾವ ಜಾತಿ ಮತದವರೋ, ಅವರ ಸಂತಾನ ಇಂದು ನಮ್ಮ ನಡುವೆಯೇ ಇರಬಹುದು. ಬಿತ್ತಿದವನು ಫಸಲನ್ನು ಕಾಣಲಿಲ್ಲ, ಅಷ್ಟೇ.

ಗಂಜಾಂಗೆ ಹೋದಾಗ ಅಲ್ಲಿ ಕನ್ನಡದಲ್ಲಿ ಒಂದು ಜಪಸರ ಹೇಳೋಣ. ಬಲವಂತಕ್ಕೆ ಸಿಕ್ಕಿ ನೊಂದವರಿಗಾಗಿ, ಅವರನ್ನು ಮರಳಿ ಕರೆದುಕೊಂಡ ಗುರುವಿಗಾಗಿ ಪ್ರಾರ್ಥಿಸೋಣ. ದೇವಸ್ಥಾನ, ಮಸೀದಿ, ಗುಂಬಜ್‌ಗಳನ್ನೂ ಗೌರವದಿಂದ ನೋಡಿ ಬರೋಣ, ಅವೂ ಆ ಊರಿನ ನೆನಪುಗಳೇ. ಹಿರಿಯರು ಜೊತೆಗೆ ಬಂದರೆ ನಮಗೆ ಇನ್ನೂ ಸಂತೋಷ. ಬರಲು ಇಚ್ಛಿಸುವವರು ಭಾನುವಾರದ ಕನ್ನಡ ಪೂಜೆಯ ನಂತರ ನಮ್ಮಲ್ಲಿ ಹೆಸರು ಕೊಡಿ. ನಾಲ್ಕೇ ಮಂದಿಯಾದರೂ ಹೋಗಿಯೇ ಬರುತ್ತೇವೆ.