ಬೆಂಜಮಿನ್ ಗೊಂಪರ್ಟ್ಜ್

ಬೆಂಜಮಿನ್ ಗೊಂಪರ್ಟ್ಜ್ (5 ಮಾರ್ಚ್ 1779 – 14 ಜುಲೈ 1865) ಇಂಗ್ಲೆಂಡಿನ ಗಣಿತವಿದ ಮತ್ತು ಆಕ್ಚುಯರಿ (ವಿಮಾ ಗಣಿತಜ್ಞ). ಪ್ರಾಯ ಕಳೆದ ಮೇಲೆ ವಯಸ್ಸು ಏರಿದಂತೆ ಮರಣದರ ಗುಣೋತ್ತರ ಶ್ರೇಢಿಯಲ್ಲಿ ಹೆಚ್ಚುತ್ತದೆ ಎಂಬ ಈತನ ನಿಯಮ ಜೀವವಿಮಾ ಗಣಿತದ ಅಡಿಪಾಯಗಳಲ್ಲೊಂದು.

== ಜನನ, ವಿದ್ಯಾಭ್ಯಾಸ ==
ಹಾಲೆಂಡಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಮನೆತನದಲ್ಲಿ ಜನಿಸಿದ. ಯೆಹೂದಿಯಾದ ಕಾರಣ ಅಂದಿನ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬಾಗಿಲು ಈತನಿಗೆ ಮುಚ್ಚಿತ್ತು. ನ್ಯೂಟನ್ನನ ಗ್ರಂಥಗಳನ್ನು ಓದಿ ಸ್ವಂತ ಪ್ರಯತ್ನದಿಂದ ಗಣಿತ ಕಲಿತ ಈತ ಹದಿಹರೆಯದಲ್ಲೇ ಸ್ಪಿಟಲ್‌ಫೀಲ್ಡ್ಸ್ ಗಣಿತ ಸಂಘವನ್ನು ಸೇರಿದ. ಇತರರು ಹೊಸ ಸಂಕೇತಗಳಿಗೆ ಹೊರಳಿದ ಮೇಲೂ ನ್ಯೂಟನ್ನನ ಸಂಕೇತಪದ್ಧತಿಯನ್ನು ಕೊನೆಯವರೆಗೂ ಬಿಡಲಿಲ್ಲ.

== ವೃತ್ತಿಜೀವನ ==
1810ರಲ್ಲಿ ಮೋಸೆಸ್ ಮಾಂಟೆಫಿಯೋರೆಯ ಸಹೋದರಿ ಅಬಿಗೇಲಳನ್ನು ವಿವಾಹವಾದ. ಕೆಲಕಾಲ ಷೇರುಪೇಟೆಯಲ್ಲಿ ವ್ಯವಹರಿಸಿದ. 1819ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದ. ಮಾಂಟೆಫಿಯೋರೆ ಮತ್ತು ನೇಥನ್ ರಾಥ್ಸ್‌ಚೈಲ್ಡ್ 1824ರಲ್ಲಿ ಸ್ಥಾಪಿಸಿದ ಅಲಯನ್ಸ್ ವಿಮಾ ಸಂಸ್ಥೆಯ ಆಕ್ಚುಯರಿಯಾಗಿ ನೇಮಕಗೊಂಡು, 1848ರಲ್ಲಿ ಅನಾರೋಗ್ಯದಿಂದ ನಿವೃತ್ತನಾದ. ಖಗೋಳ ವಿಜ್ಞಾನದಲ್ಲೂ ಆಸಕ್ತನಾಗಿದ್ದು ಫ್ರಾನ್ಸಿಸ್ ಬೇಲಿಯೊಡನೆ ನಕ್ಷತ್ರಪಟ್ಟಿಗಳ ಕೆಲಸದಲ್ಲಿ ತೊಡಗಿದ್ದ.

== ಮರಣ ನಿಯಮ ==
ವಿಮಾ ಕಂತನ್ನು ಕಡಿಮೆ ನಿಗದಿಪಡಿಸಿದರೆ ಸಂಸ್ಥೆ ದಿವಾಳಿಯಾಗುತ್ತದೆ, ಹೆಚ್ಚು ನಿಗದಿಪಡಿಸಿದರೆ ವಿಮೆದಾರ ನಷ್ಟ ಹೊರುತ್ತಾನೆ. ಅಂದು ಆಧಾರವಾಗಿದ್ದವು ನಾರ್ತಾಂಪ್ಟನ್, ಕಾರ್ಲೈಲ್ ಮುಂತಾದ ಮರಣ ಕೋಷ್ಟಕಗಳು. ಇವುಗಳಲ್ಲಿ ಅಂಕಿಗಳಿದ್ದವೇ ಹೊರತು ಅವನ್ನು ಬೆಸೆಯುವ ಸೂತ್ರವಿರಲಿಲ್ಲ. ಸಮಾನ ವಯೋಂತರಗಳಲ್ಲಿನ ಅಂಕಿಗಳನ್ನು ಪರಿಶೀಲಿಸಿದ ಗೊಂಪರ್ಟ್ಜ್, ಸಾವನ್ನು ಎದುರಿಸುವ ಶಕ್ತಿ ಸಮಾನ ಕಾಲಾವಧಿಗಳಲ್ಲಿ ಸಮಾನ ಪ್ರಮಾಣದಲ್ಲಿ ಕುಗ್ಗುತ್ತದೆಂದು ಊಹಿಸಿ, 1825ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ನಿಯಮವನ್ನು ಮಂಡಿಸಿದ.

ಉದಾಹರಣೆಗೆ, ಮರಣದರ ಎಂಟು ವರ್ಷಕ್ಕೊಮ್ಮೆ ಇಮ್ಮಡಿಸುವುದಾದರೆ, 50ನೆಯ ವಯಸ್ಸಿನಲ್ಲಿ ಸಾವಿರಕ್ಕೆ 4 ಇದ್ದದ್ದು 58ರಲ್ಲಿ 8, 66ರಲ್ಲಿ 16 ಆಗುತ್ತದೆ. ದರದ ಲಾಗರಿತಮ್ ಅನ್ನು ವಯಸ್ಸಿಗೆ ಎದುರಾಗಿ ಗುರುತಿಸಿದರೆ ಸರಳರೇಖೆ ದೊರೆಯುತ್ತದೆ. ಇದರಿಂದ ಲೆಕ್ಕದ ಹೊರೆ ಬಹಳ ತಗ್ಗಿತು. ಇಬ್ಬರೂ ಬದುಕಿರುವವರೆಗೆ ಮಾತ್ರ ಸಲ್ಲುವ ವರ್ಷಾಶನದ ಬೆಲೆಯನ್ನು ತಕ್ಕ ವಯಸ್ಸಿನ ಒಬ್ಬನೇ ವ್ಯಕ್ತಿಯ ವರ್ಷಾಶನದಿಂದ ತಿಳಿಯಬಹುದು. ಮೇಲಿನ ಉದಾಹರಣೆಯಲ್ಲಿ 50 ವರ್ಷದ ಇಬ್ಬರು 58 ವರ್ಷದ ಒಬ್ಬನಿಗೆ ಸಮ.

ಶೈಶವದ ಸಾವುಗಳಿಗೆ ಈ ನಿಯಮ ಅನ್ವಯಿಸದು. ಸಾವಿಗೆ ದೇಹದ ಕ್ಷಯದಂತೆ ಆಕಸ್ಮಿಕವೂ ಕಾರಣವೆಂದು ಗೊಂಪರ್ಟ್ಜ್ ಗುರುತಿಸಿದ್ದರೂ ಅದನ್ನು ಸೂತ್ರದಲ್ಲಿ ಸೇರಿಸಿರಲಿಲ್ಲ. ವಯಸ್ಸನ್ನು ಅವಲಂಬಿಸದ ಸ್ಥಿರಪದವೊಂದನ್ನು 1860ರಲ್ಲಿ ವಿಲಿಯಂ ಮೇಕ್‌ಹ್ಯಾಮ್ ಸೇರಿಸಿದ. ಆ ರೂಪಕ್ಕೆ ಗೊಂಪರ್ಟ್ಜ್-ಮೇಕ್‌ಹ್ಯಾಮ್ ನಿಯಮವೆಂದು ಹೆಸರು.

== ಇಂದಿನ ಬಳಕೆ ==
ಗೊಂಪರ್ಟ್ಜ್ ಕೋಷ್ಟಕದಿಂದ ಆಯ್ದ ಕೆಲವೇ ಅಂಕಿಗಳಿಂದ ಕೈಬರಹದಲ್ಲಿ ಸ್ಥಿರಾಂಕಗಳನ್ನು ಕಂಡುಕೊಂಡ. ಇಂದು 'ಆರ್' ಮುಂತಾದ ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳು ಎಲ್ಲ ವಯಸ್ಸುಗಳ ಸಾವುಗಳನ್ನೂ ಅಪಾಯಕ್ಕೊಳಗಾದವರ ಸಂಖ್ಯೆಯನ್ನೂ ಒಟ್ಟಿಗೆ ತೆಗೆದುಕೊಂಡು, ಗರಿಷ್ಠ ಸಂಭವನೀಯತಾ ವಿಧಾನದಿಂದ ಅವನ್ನು ಕ್ಷಣಾರ್ಧದಲ್ಲಿ ಅಂದಾಜಿಸುತ್ತವೆ. ಆದರೆ ಸೂತ್ರ ಯಾವ ವಯೋಮಿತಿಗೆ ಹೊಂದುತ್ತದೆಂಬ ತೀರ್ಮಾನ ಈಗಲೂ ಆಕ್ಚುಯರಿಯದೇ. ಈತನ ಹೆಸರಿನ ವಕ್ರರೇಖೆ ಗೆಡ್ಡೆಗಳ ಬೆಳವಣಿಗೆಯ ಅಧ್ಯಯನದಲ್ಲೂ ಬಳಕೆಯಲ್ಲಿದೆ.

== ನಿಧನ ==
ಗೊಂಪರ್ಟ್ಜ್ 1865ರ ಜುಲೈ 14ರಂದು ಲಂಡನ್ನಿನಲ್ಲಿ ತನ್ನ 86ನೆಯ ವಯಸ್ಸಿನಲ್ಲಿ ನಿಧನನಾದ. ಈತನ ಏಕಮಾತ್ರ ಪುತ್ರ ತಂದೆಗಿಂತ ಮೊದಲೇ ತೀರಿಕೊಂಡಿದ್ದ.