ಥಾಮಸ್ ಮಚ್: ಮಂಗಳದ ಚಿತ್ರ ಓದಲು ಕಲಿಸಿದ ಮಾಸ್ತರರು

ವಿಜ್ಞಾನ ಪಾಠಗಳ ಅವಲೋಕನಕ್ಕೆಂದು ನಾನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಸೌರವ್ಯೂಹದ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಮಂಗಳದ ಚಿತ್ರವನ್ನು ತಪ್ಪದೆ ತರುತ್ತಾರೆ. ಫಲಕಕ್ಕೆ ತೂಗುಹಾಕಿ, ಇದು ಮಂಗಳ ಎಂದು ತೋರಿಸಿ, ಅರ್ಧ ನಿಮಿಷದಲ್ಲಿ ಮುಂದಿನ ಹಂತಕ್ಕೆ ಹೋಗಿಬಿಡುತ್ತಾರೆ. ಅಂಥ ಚಿತ್ರದ ಮುಂದೆ ವರ್ಷಗಟ್ಟಲೆ ಕುಳಿತ ಮಾಸ್ತರರೊಬ್ಬರ ಕಥೆಯನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಥಾಮಸ್ ಮಚ್ ಹುಟ್ಟಿದ್ದು 1931ರಲ್ಲಿ, ಅಮೆರಿಕದ ರಾಚೆಸ್ಟರಿನಲ್ಲಿ. ಭೂವಿಜ್ಞಾನ ಓದಿ 1960ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಾಪಕರಾದರು. ಬಂಡೆಯ ಪದರಗಳಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಓದುವ ವಿದ್ಯೆಯನ್ನೇ ಚಂದ್ರನಿಗೂ ಅನ್ವಯಿಸಿ 1970ರಲ್ಲಿ ಪುಸ್ತಕ ಬರೆದರು. ಮುಂದೆ ಮಂಗಳದ ನೆಲಕ್ಕೆ ಇಳಿಯಲಿದ್ದ ನಾಸಾದ ಎರಡು ವೈಕಿಂಗ್ ಯಂತ್ರಗಳ ಚಿತ್ರತಂಡಕ್ಕೆ ಅವರೇ ನಾಯಕರಾದರು.

ಆ ಕ್ಯಾಮೆರಾ ನಮ್ಮ ಮೊಬೈಲಿನಂತೆ ಒಮ್ಮೆಲೇ ಚಿತ್ರ ಹಿಡಿಯುತ್ತಿರಲಿಲ್ಲ. ಬನಹಟ್ಟಿಯ ಮಕ್ಕಳಿಗೆ ಮಗ್ಗದ ಉದಾಹರಣೆ ಸಾಕು. ಲಾಳಿ ಒಮ್ಮೆ ಓಡಿದರೆ ಒಂದೇ ಎಳೆ. ಎಳೆಗೆ ಎಳೆ ಕೂಡಿ ಸೀರೆ. ವೈಕಿಂಗ್‌ನಲ್ಲಿಯೂ ಒಂದು ಪುಟ್ಟ ಕನ್ನಡಿ ತಲೆಯಾಡಿಸಿದಂತೆ ಚಲಿಸಿ ಒಂದು ನಿಂತ ಗೆರೆಯಷ್ಟು ನೋಟವನ್ನು ಅಳೆಯುತ್ತಿತ್ತು, ಆಮೇಲೆ ತುಸು ತಿರುಗಿ ಮತ್ತೊಂದು ಗೆರೆ. 1976ರ ಜುಲೈ 20ರಂದು ಬಂದ ಮೊದಲ ಚಿತ್ರ ಹೀಗೆಯೇ ಗೆರೆಗೆರೆಯಾಗಿ ಪರದೆಯ ಮೇಲೆ ಬೆಳೆಯಿತು. ಚಿತ್ರದಲ್ಲಿ ಇದ್ದದ್ದು ಯಂತ್ರದ ಸ್ವಂತ ಪಾದ ಮತ್ತು ಸುತ್ತಲಿನ ಕಲ್ಲುಗಳು! ಪಾದ ಎಷ್ಟು ಹೂತಿದೆ ಎಂದು ನೋಡಿದರೆ ನೆಲ ಗಟ್ಟಿಯೋ ಸಡಿಲೋ ತಿಳಿಯುತ್ತದೆ. ಬೆಟ್ಟ, ಬಯಲು ಆಮೇಲೆ.

ಮರುದಿನ ಬಣ್ಣದ ಚಿತ್ರ ಬಂತು. ಅವಸರದಲ್ಲಿ ಸಿದ್ಧವಾದ ಆ ಪ್ರತಿಯಲ್ಲಿ ಆಕಾಶ ನೀಲಿಯಾಗಿತ್ತು, ನೋಡಿದವರೆಲ್ಲ ಹಿಗ್ಗಿದರು. ನೀಲಿ ಆಕಾಶ ನಮಗೆ ಅಷ್ಟು ರೂಢಿ. ಆದರೆ ಕ್ಯಾಮೆರಾದ ಬಣ್ಣದ ಕಣ್ಣುಗಳಿಗೆ ಮನುಷ್ಯರಿಗೆ ಕಾಣದ ಅವಕೆಂಪು ಬೆಳಕೂ ಸೇರಿಕೊಳ್ಳುತ್ತಿತ್ತು. ಯಂತ್ರದ ಮೇಲೆಯೇ ಬಣ್ಣದ ಚೌಕಗಳ ಪಟ್ಟಿ ಅಂಟಿಸಿದ್ದರು. ಅದರ ಬಣ್ಣ ಭೂಮಿಯಲ್ಲಿಯೇ ಅಳೆದು ಇಟ್ಟದ್ದು. ಚಿತ್ರದಲ್ಲಿ ಆ ಪಟ್ಟಿ ಸರಿಬರುವಂತೆ ಲೆಕ್ಕ ಹೊಂದಿಸಿದಾಗ ಆಕಾಶ ನಸುಗೆಂಪಾಯಿತು, ಗಾಳಿಯಲ್ಲಿ ತೇಲುವ ನವಿರಾದ ಧೂಳಿನಿಂದ. ಮೊದಲು ಕೊಟ್ಟದ್ದನ್ನು ಆಮೇಲೆ ಎಲ್ಲರೆದುರು ತಿದ್ದಿದ ತಂಡ ಅದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಪಾಠಕ್ಕೆ ಒದಗುವ ಜಾಗ ಇದೇ. ಚಿತ್ರದಲ್ಲಿ ಬಣ್ಣ ಖಚಿತವಾಗಿ ಗೊತ್ತಿರುವ ವಸ್ತು ಯಾವುದೆಂದು ಮಕ್ಕಳನ್ನು ಕೇಳಿ ನೋಡಿ, ತರಗತಿ ತಾನಾಗಿ ಎದ್ದು ಕೂರುತ್ತದೆ.

ಒಂದು ಕಲ್ಲಿನ ಮೇಲೆ ಇಂಗ್ಲಿಷಿನ ಬಿ ಅಕ್ಷರ ಕಂಡಿತೆಂದು ಪತ್ರಿಕೆಗಳಲ್ಲಿ ಗದ್ದಲವಾಯಿತು. ಅದು ಬಿಸಿಲು-ನೆರಳಿನ ಆಟ. ಬೀಳಗಿಯ ಕಡೆ ಸಂಜೆ ಹೊತ್ತಿಗೆ ಯಾವ ಕಲ್ಲುಹೊಲಕ್ಕೆ ಹೋದರೂ ಮಕ್ಕಳು ಇಂಥ ಹತ್ತು ಅಕ್ಷರ ಹುಡುಕಿ ಕೊಡುತ್ತಾರೆ. ಸೆಪ್ಟೆಂಬರಿನಲ್ಲಿ ಇಳಿದ ಎರಡನೆಯ ವೈಕಿಂಗ್ ಸುಮಾರು 8 ಡಿಗ್ರಿ ವಾಲಿ ನಿಂತಿತು. ಹಾಗಾಗಿ ಅದರ ವಿಶಾಲ ಚಿತ್ರಗಳಲ್ಲಿ ದಿಗಂತ ಅಲೆಯಂತೆ ಏರಿಳಿಯುತ್ತದೆ. ಅಲ್ಲಿ ನೆಲ ಚಪ್ಪಟೆ, ವಾಲಿದ್ದು ನೋಡುವ ಕಣ್ಣು.

ಮಚ್ ಅವರು ಈ ಕೆಲಸವನ್ನು ಪಂಡಿತರ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ. ಪದವಿ ತರಗತಿಯ ವಿದ್ಯಾರ್ಥಿಗಳನ್ನೂ ವೈಕಿಂಗ್ ಕಾರ್ಯಾಚರಣೆಗೆ ಕರೆತಂದರು. ಬೆಟ್ಟ ಹತ್ತುವ ಹುಚ್ಚು ಬೇರೆ. 1978ರಲ್ಲಿ ಬ್ರೌನ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಮ್ಮ ಹಿಮಾಲಯದ ದೇವಿಸ್ಥಾನ ಶಿಖರಕ್ಕೂ ಬಂದಿದ್ದರು. ಮರುವರ್ಷ ನಾಸಾದ ಬಾಹ್ಯಾಕಾಶ ವಿಜ್ಞಾನ ವಿಭಾಗದ ಹೊಣೆ ಹೊತ್ತರು. ಕುರ್ಚಿ ಸಿಕ್ಕರೂ ಬೆಟ್ಟ ಬಿಡಲಿಲ್ಲ. 1980ರ ಅಕ್ಟೋಬರಿನಲ್ಲಿ 7,135 ಮೀಟರ್ ಎತ್ತರದ ನುನ್ ಪರ್ವತದಿಂದ ಇಳಿಯುವಾಗ ಬಿದ್ದರು. ಹಿಮಾಲಯದಿಂದ ಅವರು ಮರಳಲಿಲ್ಲ. ವಯಸ್ಸು 49.

1981ರ ಜನವರಿಯಲ್ಲಿ ನಾಸಾ ಮೊದಲ ವೈಕಿಂಗ್ ನಿಂತ ಠಾಣೆಗೆ ಅವರ ಹೆಸರಿಟ್ಟಿತು. ಮುಂದೆಂದಾದರೂ ಮನುಷ್ಯರು ಅಲ್ಲಿಗೆ ಹೋದರೆ ಒಯ್ಯಲೆಂದು ಒಂದು ಫಲಕವನ್ನೂ ಮಾಡಿಸಿತು. ಅವರ ಹೆಸರು ಹೊತ್ತ ಆ ಠಾಣೆ 1982ರ ನವೆಂಬರಿನವರೆಗೂ ಭೂಮಿಯೊಂದಿಗೆ ಮಾತಾಡುತ್ತಲೇ ಇತ್ತು.