ಮೌನವಾಗಿ ನೋಡಿದ ವಿದ್ಯಾರ್ಥಿ: ರಮಣ ಮಹರ್ಷಿ

ರಮಣ ಮಹರ್ಷಿಗಳ ಹೆಸರು ಸಾಮಾನ್ಯವಾಗಿ ಅಧ್ಯಾತ್ಮದ ಮಾತುಕತೆಯಲ್ಲಿ ಬರುತ್ತದೆ. ವಿಜ್ಞಾನ ಓದಿ ಬಿ.ಇಡಿ.ಗೆ ಸೇರಿದ ನನಗೆ ಅವರ ಜೀವನದಲ್ಲಿ ಮೊದಲು ಕಂಡದ್ದು ಇಂಪೋಸಿಷನ್ ಬರೆಯುತ್ತ ಕುಳಿತ ಒಬ್ಬ ಹೈಸ್ಕೂಲು ಹುಡುಗ. ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಆ ಹುಡುಗನ ಪರಿಚಯ ಇರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಅವನ ಹೆಸರು ವೆಂಕಟರಾಮನ್. ಹುಟ್ಟಿದ್ದು 1879ರ ಡಿಸೆಂಬರ್ 30ರಂದು, ಮಧುರೈಗೆ ಸಮೀಪದ ತಿರುಚ್ಚುಳಿಯಲ್ಲಿ. ತಂದೆ ಸುಂದರಂ ಅಯ್ಯರ್ ವಕೀಲಿ ಮಾಡುತ್ತಿದ್ದರು, ತಾಯಿ ಅಳಗಮ್ಮಾಳ್. 1892ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ 12 ವರ್ಷ. ಮನೆ ಒಡೆಯಿತು. ಅವನು ಅಣ್ಣನೊಂದಿಗೆ ಮಧುರೈಯ ಚಿಕ್ಕಪ್ಪನ ಮನೆ ಸೇರಿ, ಅಮೆರಿಕನ್ ಮಿಷನ್ ಹೈಸ್ಕೂಲಿನಲ್ಲಿ ಓದು ಮುಂದುವರಿಸಿದ. ಜ್ಞಾಪಕಶಕ್ತಿ ಚೆನ್ನಾಗಿತ್ತು, ಓದಿನಲ್ಲಿ ಆಸಕ್ತಿ ಅಷ್ಟಕ್ಕಷ್ಟೆ. ಫುಟ್‌ಬಾಲ್ ಎಂದರೆ ಪ್ರಾಣ.

1896ರ ಜುಲೈ ತಿಂಗಳ ಮಧ್ಯದಲ್ಲಿ ಒಂದು ದಿನ, ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದಾಗ, ತಾನು ಸಾಯುತ್ತೇನೆ ಎಂಬ ಭಯ ಹಠಾತ್ತನೆ ಆವರಿಸಿತು. ಕಾಯಿಲೆ ಏನೂ ಇರಲಿಲ್ಲ. ಅವನು ಯಾರನ್ನೂ ಕೂಗಲಿಲ್ಲ. ನೆಲದ ಮೇಲೆ ಮಲಗಿ ಕೈಕಾಲು ಸೆಟೆಸಿ, ತುಟಿ ಬಿಗಿದು, ಉಸಿರು ಹಿಡಿದು, ಶವದಂತೆ ಇದ್ದು ನೋಡಿದ. ದೇಹ ಸತ್ತಿತು ಎಂದು ಇಟ್ಟುಕೊಂಡರೆ, ಅದನ್ನು ನೋಡುತ್ತಿರುವ ನಾನು ಯಾರು ಎಂದು ಹುಡುಕಿದ. ದೇಹಕ್ಕೆ ಸೇರದ ಒಂದು ಅರಿವು ತನ್ನಲ್ಲಿ ಉಳಿದಿರುವುದು ಅವನಿಗೆ ಸ್ಪಷ್ಟವಾಯಿತು. ಸಾವಿನ ಭಯ ಮತ್ತೆ ಬರಲಿಲ್ಲ.

ಇದನ್ನು ವಿಜ್ಞಾನದ ಪ್ರಯೋಗ ಎಂದು ನಾನು ಹೇಳಲಾರೆ. ಇನ್ನೊಬ್ಬರು ಅಳೆದು ತಾಳೆ ನೋಡುವಂಥದ್ದಲ್ಲ ಇದು. ಆದರೆ ಭಯ ಬಂದಾಗ ಓಡದೆ, ಕೇಳಿದ ಉತ್ತರಕ್ಕೆ ತೃಪ್ತನಾಗದೆ, ನೇರವಾಗಿ ನೋಡಿದ ಆ ಧೈರ್ಯವನ್ನೇ ನಾವು ಪಾಠಯೋಜನೆಯಲ್ಲಿ ವೀಕ್ಷಣಾ ಕೌಶಲ ಎಂದು ಬರೆಯುತ್ತೇವೆ.

ಆಮೇಲೆ ಹುಡುಗ ಬದಲಾದ. ಯಾರಾದರೂ ಬೈದರೆ ಎದುರಾಡುತ್ತಿರಲಿಲ್ಲ, ಊಟದ ರುಚಿ ನೋಡುತ್ತಿರಲಿಲ್ಲ, ಪುಸ್ತಕ ತೆರೆದಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದ. ಮನೆಯವರಿಗೂ ಶಾಲೆಯವರಿಗೂ ಅದು ಬರೀ ಅಲಕ್ಷ್ಯವಾಗಿ ಕಂಡಿತು. ಆಗಸ್ಟ್ 29ರಂದು, ಕಲಿಯದ ಇಂಗ್ಲಿಷ್ ವ್ಯಾಕರಣದ ಪಾಠವನ್ನು ಮೂರು ಸಲ ಬರೆಯುವ ಶಿಕ್ಷೆ ಇತ್ತು. ಎರಡು ಸಲ ಬರೆದು, ಮೂರನೆಯದಕ್ಕೆ ಕಾಗದ ಪಕ್ಕಕ್ಕೆ ಸರಿಸಿ ಧ್ಯಾನಕ್ಕೆ ಕುಳಿತ. ಹೀಗೆ ಕೂರುವವನಿಗೆ ಮನೆ, ಓದು ಏಕೆ ಬೇಕು ಎಂದು ಅಣ್ಣ ಗದರಿದ. ಮಾತು ನಿಜವೆನಿಸಿತು. ಶಾಲೆಯಲ್ಲಿ ವಿದ್ಯುತ್ತಿನ ಬಗ್ಗೆ ವಿಶೇಷ ತರಗತಿ ಇದೆ ಎಂದು ಹೇಳಿ ಎದ್ದ. ಹಾಗಾದರೆ ನನ್ನ ಕಾಲೇಜು ಫೀಸು ಕಟ್ಟಿ ಬಾ ಎಂದು ಅಣ್ಣ 5 ರೂಪಾಯಿ ತೆಗೆದುಕೊಳ್ಳಲು ಹೇಳಿದ.

ಅವನು 3 ರೂಪಾಯಿ ಮಾತ್ರ ತೆಗೆದುಕೊಂಡು, ಉಳಿದ 2 ರೂಪಾಯಿಯ ಜೊತೆ ಒಂದು ಚೀಟಿ ಇಟ್ಟ. ಆ ಚೀಟಿ ನಾನು ಎಂದು ಶುರುವಾಗಿ, ಮುಂದೆ ತನ್ನನ್ನೇ ಇದು ಎಂದು ಕರೆದುಕೊಂಡು, ಸಹಿಯಿಲ್ಲದೆ ಮುಗಿಯುತ್ತದೆ. ಹೊರಟದ್ದು ಅರುಣಾಚಲ ಬೆಟ್ಟದ ತಿರುವಣ್ಣಾಮಲೈಗೆ. ಅವನು ನೋಡಿದ ಅಟ್ಲಾಸು ಹಳೆಯದು. ಅಲ್ಲಿಗೆ ರೈಲು ಬಂದದ್ದು ಅದರಲ್ಲಿ ಇರಲಿಲ್ಲ. ಆದ್ದರಿಂದ ತಿಂಡಿವನಂಗೆ ಟಿಕೆಟು ಕೊಂಡ. ರೈಲಿನಲ್ಲಿದ್ದ ಒಬ್ಬ ಮೌಲ್ವಿಯವರು ಸರಿಯಾದ ದಾರಿ ತಿಳಿಸಿದರು. ದುಡ್ಡು ಮುಗಿದಾಗ ನಡೆದ. ಕಿವಿಯ ಒಂಟಿಗಳನ್ನು ಒತ್ತೆಯಿಟ್ಟು 4 ರೂಪಾಯಿ ಪಡೆದ. ಸೆಪ್ಟೆಂಬರ್ 1ರ ಬೆಳಗ್ಗೆ ತಲುಪಿದ. ಮತ್ತೆ ಆ ಊರು ಬಿಡಲಿಲ್ಲ.

ದೇವಸ್ಥಾನದ ನೆಲಮಾಳಿಗೆಯಲ್ಲಿ, ಹುಳುಗಳು ತೊಡೆ ಕಚ್ಚಿದರೂ ತಿಳಿಯದಷ್ಟು ಆಳವಾಗಿ ಕುಳಿತಿದ್ದ ಈ ಯುವಕನನ್ನು ಬೇರೆಯವರು ಎತ್ತಿ ಹೊರತಂದರು. 1899ರಿಂದ 1916ರವರೆಗೆ ಬೆಟ್ಟದ ವಿರೂಪಾಕ್ಷ ಗುಹೆ ಅವರ ವಾಸ. ಆರಂಭದ ವರ್ಷಗಳಲ್ಲಿ ಮಾತೇ ಇರಲಿಲ್ಲ, ಆದರೆ ಅದು ವ್ರತವೂ ಆಗಿರಲಿಲ್ಲ. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಕೇಳಿದ ಪ್ರಶ್ನೆಗಳಿಗೆ ಬರೆದು ಉತ್ತರಿಸಿದರು. ಮುಂದೆ ಅದು ನಾನು ಯಾರು ಎಂಬ ಅರ್ಥದ ಹೆಸರಿನ ಪುಟ್ಟ ಪುಸ್ತಕವಾಯಿತು. ಅದರ ಮಾರ್ಗ ಸರಳ: ಒಂದು ಆಲೋಚನೆ ಎದ್ದಾಗ ಅದರ ಹಿಂದೆ ಓಡದೆ, ಅದು ಯಾರಿಗೆ ಬಂತು ಎಂದು ಕೇಳುವುದು, ನನಗೆ ಎಂದಾದರೆ ಆ ನಾನು ಎಲ್ಲಿಂದ ಏಳುತ್ತದೆ ಎಂದು ನೋಡುವುದು. 1907ರಲ್ಲಿ ಕಾವ್ಯಕಂಠ ಗಣಪತಿ ಮುನಿಗಳು ಅವರನ್ನು ರಮಣ ಮಹರ್ಷಿ ಎಂದು ಕರೆದರು.

ಅವರ ಮೌನ ಲೋಕಕ್ಕೆ ಬೆನ್ನು ತಿರುಗಿಸಿದ್ದಲ್ಲ. 1916ರಲ್ಲಿ ತಾಯಿ ಬಂದು ಜೊತೆಗೆ ಉಳಿದರು. 1922ರಲ್ಲಿ ತಾಯಿಯ ಕೊನೆಯ ಗಳಿಗೆಯಲ್ಲಿ ಮಗ ಪಕ್ಕದಲ್ಲೇ ಕುಳಿತಿದ್ದರು. ತಾಯಿಯ ಸಮಾಧಿಯ ಸುತ್ತ ಆಶ್ರಮ ಬೆಳೆಯಿತು. ಅಲ್ಲಿ ಅವರು ನಸುಕಿಗೇ ಎದ್ದು ತರಕಾರಿ ಹೆಚ್ಚುತ್ತಿದ್ದರು, ಪತ್ರಿಕೆ ಓದುತ್ತಿದ್ದರು, ಅಚ್ಚಿನ ಕರಡು ತಿದ್ದುತ್ತಿದ್ದರು. ಎಷ್ಟೋ ಜನ ಪ್ರಶ್ನೆ ಹೊತ್ತು ಬಂದು, ಎದುರು ಸುಮ್ಮನೆ ಕುಳಿತು, ಕೇಳದೆಯೇ ಹಿಂತಿರುಗುತ್ತಿದ್ದರು. ಎಡತೋಳಿನ ಕ್ಯಾನ್ಸರ್‌ಗೆ ಹಲವು ಶಸ್ತ್ರಚಿಕಿತ್ಸೆಗಳಾದವು. 1950ರ ಏಪ್ರಿಲ್ 14ರಂದು ತೀರಿಕೊಂಡರು.

ಈ ಜೀವನವನ್ನು ಓದುವಾಗ ನನ್ನ ಮುಂದೆ ಪ್ರಕರಣ ಅಧ್ಯಯನದ ನಮೂನೆ ಇತ್ತು. ನಾನು ಆರಿಸಿಕೊಂಡಿರುವ ಎಂಟನೇ ತರಗತಿಯ ಹುಡುಗ ಈ ವರ್ಷ ತಂದೆಯನ್ನು ಕಳೆದುಕೊಂಡಿದ್ದಾನೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾನೆ, ಮಾತಾಡುವುದಿಲ್ಲ. ನಮೂನೆಯಲ್ಲಿ ಕಲಿಕಾ ಸಮಸ್ಯೆ ಎಂಬ ಕಾಲಂ ಇದೆ. ಅಲ್ಲಿ ನಾನು ಬರೆಯುವ ಪದ ಅವನ ಜೊತೆ ಮುಂದಿನ ತರಗತಿಗೂ ಹೋಗಬಹುದು. ಮೌನವಾಗಿರುವ ಮಕ್ಕಳೆಲ್ಲ ರಮಣರಲ್ಲ. ಆ ಮೌನ ದುಃಖವಿರಬಹುದು, ಹಸಿವಿರಬಹುದು, ಕಿವಿ ಸರಿಯಾಗಿ ಕೇಳದೆಯೂ ಇರಬಹುದು. ಯಾವುದು ಎಂದು ತಿಳಿಯಬೇಕಾದರೆ, ಸೋಮಾರಿ, ಮಂದ ಎಂಬ ನನ್ನ ತಲೆಯೊಳಗಿನ ಪದಗಳು ಮೊದಲು ಸುಮ್ಮನಾಗಬೇಕು.

ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡು; 3 ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ಈಗ ಅವನನ್ನು ಕೇಳಿದ ಮೇಲೆ ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಕಾಲಂ ಇನ್ನೂ ಖಾಲಿ ಇದೆ. ಅವನ ತಾಯಿಯನ್ನು ಕಂಡು ಮಾತಾಡಿ, ಇನ್ನೂ ಎರಡು ವಾರ ಅವನನ್ನು ನೋಡಿದ ನಂತರವೇ ಅದನ್ನು ತುಂಬುತ್ತೇನೆ ಎಂದು ಮೇಲ್ವಿಚಾರಕರಿಗೆ ಹೇಳಿದ್ದೇನೆ.